ಟಿ.ವಿ. ಸುದ್ದಿ ವರದಿಗಾರ: ಬದುಕು ಮತ್ತು ವೃತ್ತಿ – ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಟಿ.ವಿ. ಸುದ್ದಿ ವರದಿಗಾರ ಎಂದರೆ ಘಟನೆ ನಡೆದ ಸ್ಥಳಕ್ಕೆ ಹೋಗಿ ದೃಶ್ಯ, ಹೇಳಿಕೆ ಮತ್ತು ವಿವರಗಳನ್ನು ಸಂಗ್ರಹಿಸಿ ವಾಹಿನಿಗೆ ಕಳುಹಿಸುವ ಪತ್ರಕರ್ತ. ರಾಜಧಾನಿಯಲ್ಲಿ ಕುಳಿತು ಸುದ್ದಿ ಓದುವ ನಿರೂಪಕರ ಮುಖ ಎಲ್ಲರಿಗೂ ಪರಿಚಿತ. ಆದರೆ ಆ ಸುದ್ದಿಯ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಜಿಲ್ಲೆ ಅಥವಾ ತಾಲ್ಲೂಕು ಮಟ್ಟದ ವರದಿಗಾರನೇ ಆಗಿರುತ್ತಾನೆ. ಮುನಿಸಂಘದ ವಿಹಾರ, ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವ, ಚಾತುರ್ಮಾಸ, ಸಲ್ಲೇಖನ ಮುಂತಾದ ಜೈನ ಸಮಾಜದ ಸುದ್ದಿಗಳು ರಾಜ್ಯದ ಜನರಿಗೆ ಯಾವ ರೂಪದಲ್ಲಿ ತಲುಪುತ್ತವೆ ಎಂಬುದನ್ನು ನಿರ್ಧರಿಸುವವನೂ ಅವನೇ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280, ಅಂದರೆ ಒಟ್ಟು ಜನಸಂಖ್ಯೆಯ ಶೇ. 0.72. ಇಷ್ಟು ಚಿಕ್ಕ ಸಮಾಜದ ಆಚರಣೆಗಳನ್ನು ಬಹುತೇಕ ವೀಕ್ಷಕರು ತಿಳಿಯುವುದು ಪರದೆಯ ಮೂಲಕವೇ. ಹೀಗಾಗಿ ಈ ವೃತ್ತಿಯ ಪರಿಚಯ ಜೈನ ಕುಟುಂಬಗಳಿಗೆ ಎರಡು ರೀತಿಯಲ್ಲಿ ಅಗತ್ಯ: ಮಕ್ಕಳು ಆರಿಸಿಕೊಳ್ಳಬಹುದಾದ ಉದ್ಯೋಗವಾಗಿ ಮತ್ತು ಸಮಾಜವು ಸರಿಯಾಗಿ ವ್ಯವಹರಿಸಬೇಕಾದ ಕ್ಷೇತ್ರವಾಗಿ.

ಕನ್ನಡ ಟಿ.ವಿ. ಸುದ್ದಿಯ ಹಿನ್ನೆಲೆ

ಕನ್ನಡ ಪತ್ರಿಕೋದ್ಯಮದ ಆರಂಭ 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ದಿಂದ. ಆ ದಿನವನ್ನೇ ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ ಆರು ರಾಜ್ಯಗಳಲ್ಲಿ ನಡೆದಾಗ ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು.

ಖಾಸಗಿ ವಾಹಿನಿಗಳ ಕಾಲ 1994ರಲ್ಲಿ ಉದಯ ಟಿ.ವಿ.ಯೊಂದಿಗೆ ಶುರುವಾಯಿತು. 2000ದ ಕೊನೆಯಲ್ಲಿ ಈಟಿವಿ ಕನ್ನಡ ಬಂದಿತು. 2006ರ ಡಿಸೆಂಬರ್‌ನಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿ.ವಿ. ಆರಂಭವಾದವು. ದಿನದ 24 ಗಂಟೆಯೂ ಸುದ್ದಿ ಕೊಡುವ ವಾಹಿನಿಗಳು ಬಂದ ಮೇಲೆ ಜಿಲ್ಲಾ ಕೇಂದ್ರಗಳಲ್ಲಿ ಪೂರ್ಣಾವಧಿ ವರದಿಗಾರರು, ತಾಲ್ಲೂಕುಗಳಲ್ಲಿ ‘ಸ್ಟ್ರಿಂಗರ್’ ಎಂದು ಕರೆಯಲಾಗುವ ಅರೆಕಾಲಿಕ ವರದಿಗಾರರು ಬೇಕಾದರು. ಎಲ್ಲ ಸಂಸ್ಥೆಗಳೂ ಉಳಿಯಲಿಲ್ಲ. ಉದಯ ಸಮೂಹದ ಸುದ್ದಿ ವಾಹಿನಿ 2017ರ ಅಕ್ಟೋಬರ್‌ನಲ್ಲಿ ಮುಚ್ಚಿತು. ವಾಹಿನಿಯೊಂದು ಮುಚ್ಚಿದಾಗ ಅದನ್ನೇ ನಂಬಿದ್ದ ಜಿಲ್ಲಾ ವರದಿಗಾರ, ಕ್ಯಾಮೆರಾಮನ್‌ಗಳ ಬದುಕೂ ಅತಂತ್ರವಾಗುತ್ತದೆ. ಈ ವೃತ್ತಿಗೆ ಬರುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಗಳನ್ನು ಗಮನಿಸಿದರೆ ಈ ಬೆಳವಣಿಗೆ ಸುಲಭವಾಗಿ ಅರ್ಥವಾಗುತ್ತದೆ. ಗೊಮ್ಮಟೇಶ್ವರ ಮೂರ್ತಿಯ ಸಹಸ್ರಮಾನೋತ್ಸವದ ಅಭಿಷೇಕ ನಡೆದದ್ದು 1981ರ ಫೆಬ್ರವರಿಯಲ್ಲಿ. ಆಗ ಬೆಂಗಳೂರಿನ ದೂರದರ್ಶನ ಕೇಂದ್ರ ಇನ್ನೂ ಆರಂಭವಾಗಿರಲಿಲ್ಲ. 1993ರಲ್ಲಿ ಖಾಸಗಿ ಕನ್ನಡ ವಾಹಿನಿಗಳಿರಲಿಲ್ಲ. 2006ರ ಫೆಬ್ರವರಿಯ ಹೊತ್ತಿಗೆ ಉದಯ, ಈಟಿವಿ ಇದ್ದವು. ಟಿವಿ9 ಬಂದದ್ದು ಆ ವರ್ಷದ ಕೊನೆಗೆ. 2018ರ ಫೆಬ್ರವರಿಯಲ್ಲಿ ಹಲವು ಸುದ್ದಿ ವಾಹಿನಿಗಳ ಜೊತೆಗೆ ಭಕ್ತರ ಕೈಯಲ್ಲಿದ್ದ ಮೊಬೈಲ್ ಕೂಡ ನೇರ ಪ್ರಸಾರದ ಸಾಧನವಾಗಿತ್ತು. ಈ ನಾಲ್ಕೂ ಅಭಿಷೇಕಗಳು ಸ್ವಸ್ತಿಶ್ರೀ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ನೇತೃತ್ವದಲ್ಲಿಯೇ ನಡೆದವು. ಒಬ್ಬರೇ ಪೀಠಾಧಿಪತಿಗಳ ಕಾಲದಲ್ಲಿ ಸುದ್ದಿಯ ರೂಪವೇ ಬದಲಾಯಿತು.

ಜೈನ ಪರಂಪರೆಯಲ್ಲಿ ದಾಖಲೆ

ನಡೆದದ್ದನ್ನು ನಡೆದಂತೆ ಬರೆದಿಡುವ ಪದ್ಧತಿ ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಏಳನೇ ಶತಮಾನದಿಂದಲೂ ನಿಷಿಧಿ ಶಾಸನಗಳಿವೆ. ಯಾರು, ಯಾವ ಗಣ-ಗಚ್ಛದವರು, ಯಾರ ಶಿಷ್ಯರು, ಯಾವ ವ್ರತ ಹಿಡಿದು ಎಲ್ಲಿ ಸಮಾಧಿ ಹೊಂದಿದರು ಎಂಬ ವಿವರಗಳನ್ನು ಈ ಬಗೆಯ ಶಾಸನಗಳು ಕೆಲವೇ ಸಾಲುಗಳಲ್ಲಿ ಹೇಳುತ್ತವೆ. ಇಂದಿನ ವರದಿಗಾರ ಕೇಳಿಕೊಳ್ಳುವ ಯಾರು, ಏನು, ಎಲ್ಲಿ, ಯಾವಾಗ, ಹೇಗೆ ಎಂಬ ಪ್ರಶ್ನೆಗಳೂ ಇವೇ.

ಈ ಲೇಖನದ ನಾಲ್ಕು ತಾಲ್ಲೂಕುಗಳ ಹಳೆಯ ದಾಖಲೆಗಳೂ ಲಭ್ಯವಿವೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ, 11ನೇ ಸಂಪುಟದಲ್ಲಿ ಜಗಳೂರು ತಾಲ್ಲೂಕಿನ ಶಾಸನಗಳೂ ಸೇರಿವೆ. ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಊರಿನ ಸುದ್ದಿ ಬರೆಯುವವರಿಗೆ ಊರಿನ ಚರಿತ್ರೆ ಗೊತ್ತಿದ್ದರೆ ಬಸದಿ, ವೀರಗಲ್ಲು, ನಿಷಿಧಿಗಳ ವಿಷಯದಲ್ಲಿ ತಪ್ಪುಗಳಾಗುವುದಿಲ್ಲ.

ಮುದ್ರಣ ಯುಗದಲ್ಲಿಯೂ ಜೈನರು ಹಿಂದುಳಿಯಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಪದ್ಮರಾಜ ಪಂಡಿತರು ‘ಕಾವ್ಯಾಂಬುಧಿ’ ಪತ್ರಿಕೆಯ ಮೂಲಕ ಹಳಗನ್ನಡ ಕೃತಿಗಳನ್ನು ಬೆಳಕಿಗೆ ತಂದರು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ತನ್ನ ಪತ್ರಿಕೆಯ ಮೂಲಕ ಶಿಕ್ಷಣ ಮತ್ತು ಸಮಾಜ ಸುಧಾರಣೆಯ ಸುದ್ದಿಗಳನ್ನು ಹರಡಿತು. ಮುದ್ರಣದಲ್ಲಿದ್ದ ಈ ಆಸಕ್ತಿ ಟಿ.ವಿ. ಕ್ಷೇತ್ರಕ್ಕೂ ಮುಂದುವರಿಯಬೇಕಾದ ಅಗತ್ಯವಿದೆ.

ನಾಲ್ಕು ತಾಲ್ಲೂಕುಗಳ ಕಾರ್ಯಕ್ಷೇತ್ರ

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದವು. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲ್ ಅವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಶಿವಮೊಗ್ಗ ಕ್ಷೇತ್ರದಿಂದ 1967ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂದು ಅವರು ಪ್ರಸಿದ್ಧರು. 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ಅದು ಹೊನ್ನಾಳಿಯಿಂದ ಬೇರ್ಪಟ್ಟಿತು. ಹೊಸ ತಾಲ್ಲೂಕು ಎಂದರೆ ವರದಿಗಾರನಿಗೆ ಹೊಸ ತಹಶೀಲ್ದಾರ್ ಕಚೇರಿ, ಹೊಸ ಸಭೆಗಳು, ಹೊಸ ಅಹವಾಲುಗಳು.

ಚನ್ನಗಿರಿ: ಅಡಿಕೆಯ ನಾಡು. ಇಲ್ಲಿನ ಬೆಳೆಗಾರರ ಸಹಕಾರ ಸಂಸ್ಥೆ ‘ತುಮ್ಕೋಸ್’ ಹೆಸರು ಮಧ್ಯ ಕರ್ನಾಟಕದಲ್ಲೆಲ್ಲ ಪರಿಚಿತ. ರಾಶಿ ಅಡಿಕೆಯ ದರ ಏರಿದರೂ ಇಳಿದರೂ ಸುದ್ದಿ. ಶಾಂತಿಸಾಗರ ಎಂದೂ ಕರೆಯಲಾಗುವ ಸೂಳೆಕೆರೆ ಈ ತಾಲ್ಲೂಕಿನಲ್ಲಿದೆ. ಕುಡಿಯುವ ನೀರು, ಒತ್ತುವರಿ, ಹೂಳು ಹೀಗೆ ಕೆರೆಯ ಸುತ್ತ ವರ್ಷವಿಡೀ ವರದಿಗೆ ವಿಷಯವಿರುತ್ತದೆ. ಸಂತೇಬೆನ್ನೂರಿನ ಪುಷ್ಕರಣಿ, ಚನ್ನಗಿರಿಯ ಕೋಟೆ ಪಾರಂಪರಿಕ ತಾಣಗಳು. ಕಷ್ಟದ ದಿನಗಳೂ ಬರುತ್ತವೆ. 2024ರ ಮೇ ತಿಂಗಳಲ್ಲಿ ಪೊಲೀಸರು ಕರೆತಂದಿದ್ದ ವ್ಯಕ್ತಿಯೊಬ್ಬರು ಮೃತಪಟ್ಟ ನಂತರ ಚನ್ನಗಿರಿ ಠಾಣೆಯ ಮೇಲೆ ಗುಂಪು ದಾಳಿ ನಡೆಯಿತು. ಇಂತಹ ರಾತ್ರಿಗಳಲ್ಲಿ ವರದಿಗಾರನ ಒಂದು ತಪ್ಪು ಪದ ಊರಿನ ಶಾಂತಿಯನ್ನು ಕದಡಬಲ್ಲದು. ಕುಟುಂಬದ ಆರೋಪವನ್ನು ಆರೋಪವೆಂದೂ, ಪೊಲೀಸರ ಹೇಳಿಕೆಯನ್ನು ಹೇಳಿಕೆಯೆಂದೂ ಬೇರೆ ಬೇರೆಯಾಗಿ ಹೇಳುವುದು ಇಲ್ಲಿ ಅತಿ ಮುಖ್ಯ.

ಹೊನ್ನಾಳಿ: ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆಯರು ತುಂಗಭದ್ರೆಯಾಗಿ ಹೊನ್ನಾಳಿಯ ಪಕ್ಕದಲ್ಲಿ ಹರಿಯುತ್ತಾರೆ. ಮಲೆನಾಡಿನಲ್ಲಿ ಮಳೆ ಹೆಚ್ಚಾದರೆ ಇಲ್ಲಿನ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುತ್ತದೆ. ನದಿಯ ಮಟ್ಟ, ಜಲಾಶಯಗಳ ಹೊರಹರಿವು, ಕಾಳಜಿ ಕೇಂದ್ರಗಳ ಸ್ಥಿತಿ ಮಳೆಗಾಲದ ನಿತ್ಯದ ಸುದ್ದಿ. ಬೇಸಿಗೆಯಲ್ಲಿ ಭದ್ರಾ ನಾಲೆಯ ನೀರು ಕೊನೆಯ ಭಾಗದ ರೈತರಿಗೆ ತಲುಪುವುದೇ ಎಂಬ ಪ್ರಶ್ನೆ. ಹಿರೇಕಲ್ಮಠ ಇಲ್ಲಿನ ಪ್ರಮುಖ ಧಾರ್ಮಿಕ ಕೇಂದ್ರ.

ನ್ಯಾಮತಿ: ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಈ ತಾಲ್ಲೂಕಿನಲ್ಲಿದ್ದು, ಫೆಬ್ರವರಿಯ ಜಯಂತಿಗೆ ದೇಶದ ವಿವಿಧೆಡೆಯಿಂದ ಭಕ್ತರು ಬರುತ್ತಾರೆ. ಈ ಚಿಕ್ಕ ಪಟ್ಟಣ ರಾಷ್ಟ್ರೀಯ ಸುದ್ದಿಯಾದದ್ದು 2024ರ ಅಕ್ಟೋಬರ್ ಕೊನೆಯಲ್ಲಿ. ಅಲ್ಲಿನ ಬ್ಯಾಂಕ್ ಶಾಖೆಯೊಂದರಿಂದ ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನಾಭರಣ ಕಳವಾಯಿತು. 2025ರ ಮಾರ್ಚ್‌ನಲ್ಲಿ ಪೊಲೀಸರು ತಮಿಳುನಾಡಿನ ಬಾವಿಯೊಂದರಿಂದ ಬಹುಪಾಲು ಚಿನ್ನವನ್ನು ವಶಪಡಿಸಿಕೊಂಡರು. ಕಳವಿನ ದಿನ ಬಂದ ಹೊರಗಿನ ಕ್ಯಾಮೆರಾಗಳು ಎರಡು ದಿನದಲ್ಲಿ ಹೊರಟುಹೋಗುತ್ತವೆ. ಮಗಳ ಮದುವೆಗೆ, ಬೆಳೆ ಸಾಲಕ್ಕೆ ಒಡವೆ ಇಟ್ಟವರ ಮನೆಗೆ ಐದು ತಿಂಗಳ ಕಾಲ ಹೋಗಿ ವಿಚಾರಿಸಬಲ್ಲವನು ಸ್ಥಳೀಯ ವರದಿಗಾರ ಮಾತ್ರ.

ಜಗಳೂರು: ಮಳೆ ಕಡಿಮೆ ಬೀಳುವ ಬಯಲುಸೀಮೆ. ಬರ, ಕುಡಿಯುವ ನೀರು, ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಗಾರರ ಸಮಸ್ಯೆ, ಗುಳೆ ಇಲ್ಲಿನ ಸುದ್ದಿಗಳು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಮತ್ತು ಭದ್ರಾ ಮೇಲ್ದಂಡೆ ಯೋಜನೆಗಳ ಮೇಲೆ ಜನ ಆಸೆ ಇಟ್ಟುಕೊಂಡವರು. ಮೇಲ್ದಂಡೆ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಗಿತ್ತು. ಘೋಷಣೆ ಮತ್ತು ಕೆಲಸದ ನಡುವಿನ ಅಂತರವನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಇಲ್ಲಿನ ವರದಿಗಾರನ ಮುಖ್ಯ ಕೆಲಸ. ಕೊಂಡುಕುರಿಗಳ ಆಶ್ರಯವಾದ ರಂಗಯ್ಯನದುರ್ಗ ವನ್ಯಜೀವಿಧಾಮವೂ ಇದೇ ತಾಲ್ಲೂಕಿನಲ್ಲಿದೆ.

ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ದಿಕ್ಕಿನಲ್ಲಿಲ್ಲ. ಜಗಳೂರು ಈಶಾನ್ಯಕ್ಕೆ, ಉಳಿದ ಮೂರು ದಕ್ಷಿಣಕ್ಕೆ. ಬೆಳಿಗ್ಗೆ ಜಗಳೂರಿನಲ್ಲಿ ಬರ ಪರಿಶೀಲನೆ, ಮಧ್ಯಾಹ್ನ ಚನ್ನಗಿರಿಯಲ್ಲಿ ರೈತರ ಪ್ರತಿಭಟನೆ ಎಂದರೆ ಜಿಲ್ಲಾ ವರದಿಗಾರ ಇಡೀ ಜಿಲ್ಲೆಯನ್ನು ದಾಟಬೇಕು. ಆದ್ದರಿಂದಲೇ ತಾಲ್ಲೂಕು ಸ್ಟ್ರಿಂಗರ್‌ಗಳ ಮೇಲಿನ ಅವಲಂಬನೆ ಹೆಚ್ಚು.

ದಿನಚರಿ ಮತ್ತು ಕೆಲಸದ ರೀತಿ

ಟಿ.ವಿ. ವರದಿಗಾರನ ದಿನ ಬೆಳಿಗ್ಗೆ ಬೆಂಗಳೂರಿನ ಇನ್‌ಪುಟ್ ಡೆಸ್ಕ್‌ಗೆ ಅಂದಿನ ಸುದ್ದಿಗಳ ಪಟ್ಟಿ ಕೊಡುವುದರಿಂದ ಆರಂಭವಾಗುತ್ತದೆ. ಪೊಲೀಸ್ ಠಾಣೆ, ತಾಲ್ಲೂಕು ಆಸ್ಪತ್ರೆ, ತಹಶೀಲ್ದಾರ್ ಕಚೇರಿ, ಎಪಿಎಂಸಿ, ಕೆಡಿಪಿ ಸಭೆ ಇವು ಖಾಯಂ ತಾಣಗಳು. ಸ್ಥಳದಲ್ಲಿ ದೃಶ್ಯಗಳನ್ನು ಚಿತ್ರೀಕರಿಸಿ, ಸಂಬಂಧಪಟ್ಟವರಿಂದ ಬೈಟ್ ಪಡೆದು, ವಿವರ ಬರೆದು ಕಳುಹಿಸಬೇಕು. ದೊಡ್ಡ ಘಟನೆಯಾದರೆ ಫೋನೋ, ನೇರ ಪ್ರಸಾರ, ಕ್ಯಾಮೆರಾ ಮುಂದೆ ನಿಂತು ಹೇಳುವ ಪಿಟಿಸಿ ಕೂಡ ಇರುತ್ತದೆ.

ಆರಂಭದ ವರ್ಷಗಳಲ್ಲಿ ಕ್ಯಾಸೆಟ್‌ನಲ್ಲಿ ಚಿತ್ರೀಕರಿಸಿ ಅದನ್ನು ಬಸ್ಸಿನಲ್ಲಿ ಕಳುಹಿಸುವುದು ಸಾಮಾನ್ಯವಾಗಿತ್ತು. ಬೆಳಗಿನ ಸುದ್ದಿ ರಾತ್ರಿಗೆ ಪ್ರಸಾರವಾದರೆ ಅದೇ ವೇಗ. ನಂತರ ಇಂಟರ್ನೆಟ್, ಓಬಿ ವ್ಯಾನ್, ಬೆನ್ನಿಗೆ ಹಾಕಿಕೊಳ್ಳುವ ಲೈವ್ ಕಿಟ್ ಬಂದವು. ಈಗ ಮೊಬೈಲ್ ಒಂದೇ ಸಾಕು. ಸಮಯ ಉಳಿಯಿತು, ಆದರೆ ಪರಿಶೀಲನೆಗೆ ಇದ್ದ ಬಿಡುವೂ ಹೋಯಿತು. ಬಸ್ಸು ಬೆಂಗಳೂರು ತಲುಪುವ ಮುನ್ನ ತಪ್ಪು ಗೊತ್ತಾದರೆ ಒಂದು ಫೋನ್ ಮಾಡಿ ತಡೆಯಬಹುದಿತ್ತು. ಇಂದು ವಾಟ್ಸಾಪ್‌ನಲ್ಲಿ ಕಳುಹಿಸಿದ್ದು ಎರಡೇ ನಿಮಿಷದಲ್ಲಿ ‘ಬ್ರೇಕಿಂಗ್’ ಆಗಿ ಪರದೆಯ ಮೇಲಿರುತ್ತದೆ.

ವರದಿಗಾರನಿಗೆ ಕಾನೂನಿನ ತಿಳಿವಳಿಕೆಯೂ ಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹಾಗೂ ಪೋಕ್ಸೊ ಪ್ರಕರಣದ ಮಕ್ಕಳ ಗುರುತು ಬಹಿರಂಗಪಡಿಸುವುದು ಅಪರಾಧ. ಕಾನೂನು ಸಂಘರ್ಷಕ್ಕೊಳಗಾದ ಮಕ್ಕಳ ಹೆಸರು, ಶಾಲೆ, ವಿಳಾಸವನ್ನೂ ಹೇಳುವಂತಿಲ್ಲ. ಚಿಕ್ಕ ಊರಿನಲ್ಲಿ ಮುಖ ಮಸುಕು ಮಾಡಿದರಷ್ಟೇ ಸಾಲದು; ಮನೆಯ ಬಾಗಿಲು, ಓಣಿ ತೋರಿಸಿದರೂ ಗುರುತು ಸಿಕ್ಕಿಬಿಡುತ್ತದೆ.

ಆದಾಯ ಮತ್ತು ಭದ್ರತೆ

ಜಿಲ್ಲಾ ಕೇಂದ್ರದ ವರದಿಗಾರರಿಗೆ ಸಾಮಾನ್ಯವಾಗಿ ತಿಂಗಳ ಸಂಬಳವಿರುತ್ತದೆ. ತಾಲ್ಲೂಕು ಸ್ಟ್ರಿಂಗರ್‌ಗೆ ಪ್ರಸಾರವಾದ ಸುದ್ದಿಗೆ ಇಷ್ಟು ಎಂಬ ಲೆಕ್ಕ, ಇಲ್ಲವೇ ಚಿಕ್ಕ ಮೊತ್ತದ ಗೌರವಧನ. ಕ್ಯಾಮೆರಾ, ಬೈಕು, ಪೆಟ್ರೋಲ್, ಡೇಟಾ ಖರ್ಚು ಹಲವೆಡೆ ಸ್ವಂತದ್ದು. ಹೀಗಾಗಿ ಅನೇಕರು ಅಂಗಡಿ, ಸ್ಟುಡಿಯೋ, ಕೃಷಿಯ ಜೊತೆಗೇ ಈ ಕೆಲಸ ಮಾಡುತ್ತಾರೆ. ವರದಿಗಾರನ ಮೇಲೆಯೇ ಜಾಹೀರಾತು ತರುವ ಹೊಣೆ ಬಿದ್ದಾಗ ಸಮಸ್ಯೆ ಗಂಭೀರವಾಗುತ್ತದೆ. ಜಾಹೀರಾತು ಕೊಟ್ಟವರ ವಿರುದ್ಧ ನಾಳೆ ಸುದ್ದಿ ಮಾಡುವುದು ಹೇಗೆ ಎಂಬ ಇಕ್ಕಟ್ಟು ಅವನದಾಗುತ್ತದೆ.

1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ರೂಪುಗೊಂಡದ್ದು ವೃತ್ತಪತ್ರಿಕೆಗಳ ನೌಕರರಿಗಾಗಿ. ಟಿ.ವಿ. ಪತ್ರಕರ್ತರು ಬಹುಕಾಲ ಅದರ ಹೊರಗಿದ್ದರು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಕಾರ್ಯನಿರತ ಪತ್ರಕರ್ತರ ವ್ಯಾಖ್ಯೆಗೆ ವಿದ್ಯುನ್ಮಾನ ಮಾಧ್ಯಮದವರನ್ನೂ ಸೇರಿಸಿತು. ಆದರೆ ನೇಮಕಾತಿ ಪತ್ರವೇ ಇಲ್ಲದ ಸ್ಟ್ರಿಂಗರ್‌ಗೆ ಇದರ ಪ್ರಯೋಜನ ಪಡೆಯುವುದು ಸುಲಭವಲ್ಲ. ಆದ್ದರಿಂದ ಈ ವೃತ್ತಿಗೆ ಸೇರುವವರು ನೇಮಕದ ಪತ್ರ, ಗುರುತಿನ ಚೀಟಿ, ಖರ್ಚಿನ ಮರುಪಾವತಿ ಮತ್ತು ಅಪಘಾತ ವಿಮೆಯನ್ನು ಮೊದಲೇ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘದ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳು ಇಂತಹ ವಿಷಯಗಳಲ್ಲಿ ಮಾರ್ಗದರ್ಶನ ನೀಡುತ್ತವೆ.

ಜೈನ ಸುದ್ದಿ ಮತ್ತು ಟಿ.ವಿ.: ಮೂರು ಸಂದರ್ಭಗಳು

2015: ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಸಲ್ಲೇಖನವನ್ನು (ಸಂಥಾರಾ) ಆತ್ಮಹತ್ಯೆಗೆ ಸಮನಾಗಿ ಪರಿಗಣಿಸಿ ಆದೇಶ ನೀಡಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಈ ಮೂರು ವಾರಗಳಲ್ಲಿ ‘ಆತ್ಮಹತ್ಯೆ’ ಎಂಬ ಒಂದು ಪದವೇ ಚರ್ಚೆಯ ಕೇಂದ್ರವಾಗಿತ್ತು. ಕ್ಷಣದ ಆವೇಶದಲ್ಲಿ ಜೀವ ಕಳೆದುಕೊಳ್ಳುವುದಕ್ಕೂ, ಗುರುಗಳ ಅನುಮತಿಯಿಂದ, ಕಷಾಯಗಳನ್ನು ಕೃಶಗೊಳಿಸುತ್ತ, ಎಲ್ಲರನ್ನೂ ಕ್ಷಮಿಸಿ ಎಲ್ಲರಿಂದಲೂ ಕ್ಷಮೆ ಬೇಡಿ, ಹಂತ ಹಂತವಾಗಿ ಆಹಾರ ತ್ಯಜಿಸುವ ವ್ರತಕ್ಕೂ ಇರುವ ವ್ಯತ್ಯಾಸವನ್ನು ಅರ್ಧ ನಿಮಿಷದಲ್ಲಿ ಹೇಳಬಲ್ಲ ವರದಿಗಾರರು ಆಗ ಬೇಕಾಗಿದ್ದರು. ಅಷ್ಟೇ ಮುಖ್ಯವಾಗಿ, ಕ್ಯಾಮೆರಾ ಮುಂದೆ ಕೋಪವಿಲ್ಲದೆ ವಿವರಿಸಬಲ್ಲವರು ಸಮಾಜದಲ್ಲೂ ಬೇಕಾಗಿದ್ದರು.

2023: ಆ ವರ್ಷ ಮಾರ್ಚ್ 23ರಂದು ಶ್ರವಣಬೆಳಗೊಳದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು ದೇಹತ್ಯಾಗ ಮಾಡಿದರು. ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರು ನಾಪತ್ತೆಯಾದರು. ಜುಲೈ 8ರಂದು ರಾಯಬಾಗ ತಾಲ್ಲೂಕಿನ ಖಟಕಬಾವಿಯ ಕೊಳವೆಬಾವಿಯಲ್ಲಿ ಅವರ ದೇಹ ಪತ್ತೆಯಾಯಿತು. ‘ನಾಪತ್ತೆ’ ಎಂಬ ಸುದ್ದಿಯಿಂದ ‘ಹತ್ಯೆ’ ಎಂಬ ಖಚಿತ ಮಾಹಿತಿಯ ವರೆಗಿನ ಗಂಟೆಗಳು ಅತ್ಯಂತ ಸೂಕ್ಷ್ಮ. ಊಹೆಯನ್ನು ಸುದ್ದಿಯಾಗಿ ಹೇಳಿದರೆ ತನಿಖೆಗೂ ಸೌಹಾರ್ದಕ್ಕೂ ಧಕ್ಕೆ. ಆ ಹೊತ್ತಿನಲ್ಲಿ ಸ್ಥಳದಲ್ಲಿರುವ ವರದಿಗಾರನ ಸಂಯಮಕ್ಕೆ ಬೆಲೆ ಕಟ್ಟಲಾಗದು.

2024: ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಫೆಬ್ರವರಿ 18ರಂದು ಛತ್ತೀಸ್‌ಗಢದ ಡೋಂಗರಗಢದಲ್ಲಿ ಸಲ್ಲೇಖನಪೂರ್ವಕ ಸಮಾಧಿ ಹೊಂದಿದರು. 2015ರಲ್ಲಿ ವಿವಾದದ ಪದವಾಗಿದ್ದ ‘ಸಲ್ಲೇಖನ’ ಈ ಬಾರಿ ರಾಷ್ಟ್ರೀಯ ಸುದ್ದಿಯಲ್ಲಿ ವ್ರತವಾಗಿಯೇ ಪ್ರಸ್ತಾಪವಾಯಿತು. ತಿಳಿವಳಿಕೆ ಹೆಚ್ಚಿದರೆ ಸುದ್ದಿಯ ಭಾಷೆಯೂ ಬದಲಾಗುತ್ತದೆ.

ವರದಿಗಾರರಿಗೆ ತಿಳಿಸಬೇಕಾದ ಪದಗಳು

ಜೈನ ಕಾರ್ಯಕ್ರಮಗಳ ವರದಿಯಲ್ಲಿ ಮರುಕಳಿಸುವ ತಪ್ಪುಗಳನ್ನು ತಪ್ಪಿಸಲು ಸಂಘಟಕರು ಈ ಕೆಳಗಿನ ವಿವರಗಳನ್ನು ಮುದ್ರಿಸಿ ಕೊಡಬಹುದು.

ಆಚಾರ್ಯ, ಉಪಾಧ್ಯಾಯ, ಮುನಿ: ಮೂವರೂ ಮಹಾವ್ರತಿಗಳು. ಆಚಾರ್ಯರು ಸಂಘದ ನಾಯಕರು, ದೀಕ್ಷೆ ನೀಡುವವರು. ಉಪಾಧ್ಯಾಯರು ಶಾಸ್ತ್ರ ಬೋಧಿಸುವವರು.
ಆರ್ಯಿಕೆ: ದಿಗಂಬರ ಪರಂಪರೆಯ ಸಾಧ್ವಿ, ಬಿಳಿ ಸೀರೆ ಉಡುತ್ತಾರೆ.
ಐಲಕ, ಕ್ಷುಲ್ಲಕ: ಶ್ರಾವಕರ ಹನ್ನೊಂದನೆಯ ಪ್ರತಿಮೆಯಲ್ಲಿರುವವರು. ಇವರನ್ನು ಮುನಿ ಎಂದು ಕರೆಯಬಾರದು.
ಭಟ್ಟಾರಕ: ಮಠದ ಪೀಠಾಧಿಪತಿ, ವಸ್ತ್ರಧಾರಿಗಳು.
ಪಿಂಛಿ, ಕಮಂಡಲು: ನವಿಲುಗರಿಯ ಪಿಂಛಿ ಜೀವದಯೆಯ ಉಪಕರಣ, ಕಮಂಡಲು ಶೌಚದ ನೀರಿನ ಪಾತ್ರೆ. ಇವು ಅಲಂಕಾರ ಅಥವಾ ಆಯುಧಗಳಲ್ಲ.
ವಿಹಾರ: ಮುನಿಗಳು ಒಂದೂರಿನಿಂದ ಇನ್ನೊಂದೂರಿಗೆ ಕಾಲ್ನಡಿಗೆಯಲ್ಲಿ ಸಾಗುವುದು. ಇದು ಪಾದಯಾತ್ರೆಯ ಹೋರಾಟವಲ್ಲ, ಪ್ರವಾಸವೂ ಅಲ್ಲ.
ಚಾತುರ್ಮಾಸ: ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನೆಲೆಸುವುದು, ಜೀವಹಿಂಸೆ ತಪ್ಪಿಸುವುದು ಇದರ ಉದ್ದೇಶ.
ಪಂಚಕಲ್ಯಾಣ: ತೀರ್ಥಂಕರರ ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷ ಎಂಬ ಐದು ಕಲ್ಯಾಣಗಳ ವಿಧಿ.
ಪರ್ಯುಷಣ, ದಶಲಕ್ಷಣ: ಶ್ವೇತಾಂಬರರ ಪರ್ಯುಷಣ ಸಂವತ್ಸರಿಯೊಂದಿಗೆ ಮುಗಿಯುತ್ತದೆ, ದಿಗಂಬರರ ದಶಲಕ್ಷಣ ಪರ್ವ ಹತ್ತು ದಿನಗಳದ್ದು.
ಸಮಾಧಿ ಮರಣ, ಮೋಕ್ಷ: ಇಂದಿನ ಮುನಿಗಳ ದೇಹತ್ಯಾಗವನ್ನು ‘ಸಮಾಧಿ’ ಎನ್ನಬೇಕು. ‘ಮೋಕ್ಷ’, ‘ನಿರ್ವಾಣ’ ಎಂದು ಬರೆಯುವುದು ಸಿದ್ಧಾಂತಕ್ಕೆ ವಿರುದ್ಧ.

ಚಿತ್ರೀಕರಣದ ಶಿಷ್ಟಾಚಾರ

ದಿಗಂಬರ ಮುನಿಗಳು ದಿನಕ್ಕೆ ಒಮ್ಮೆ ಮಾತ್ರ, ನಿಂತು, ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಶಾಸ್ತ್ರದಲ್ಲಿ ಹೇಳಿದ ಅಂತರಾಯಗಳಲ್ಲಿ ಒಂದು ಸಂಭವಿಸಿದರೂ ಅಂದಿನ ಆಹಾರ ಅಲ್ಲಿಗೇ ಮುಗಿಯುತ್ತದೆ, ನೀರೂ ಮರುದಿನವೇ. ಕ್ಯಾಮೆರಾ ಹಿಡಿದವರ ನೂಕುನುಗ್ಗಲಿನಿಂದ ಮುನಿಗಳು ಉಪವಾಸವಿರುವಂತೆ ಆಗಬಾರದು. ಆಹಾರದ ಕೋಣೆಗೆ ಕ್ಯಾಮೆರಾ ಒಯ್ಯದಂತೆ ಸಂಘಟಕರು ಮೊದಲೇ ವಿನಂತಿಸಬೇಕು. ಮುನಿಗಳ ಚಿತ್ರೀಕರಣಕ್ಕೆ ಸಂಘದ ಅನುಮತಿ ಪಡೆಯಬೇಕು. ಸಾಮಾಯಿಕ, ಪ್ರತಿಕ್ರಮಣದ ವೇಳೆ ಮಾತನಾಡಿಸಬಾರದು. ಆರ್ಯಿಕೆಯರು, ಸಾಧ್ವಿಯರ ಬಳಿ ಅಂತರ ಕಾಯ್ದುಕೊಳ್ಳಬೇಕು. ಸಲ್ಲೇಖನ ಸ್ವೀಕರಿಸಿದವರ ಕೊನೆಯ ಕ್ಷಣಗಳನ್ನು ಹತ್ತಿರದಿಂದ ತೋರಿಸುವುದು ಯಾವ ದೃಷ್ಟಿ‌ಯಿಂದಲೂ ಸರಿಯಲ್ಲ.

ರಾಷ್ಟ್ರೀಯ ಹೆದ್ದಾರಿ 48 ದಾವಣಗೆರೆ ಜಿಲ್ಲೆಯ ಮೂಲಕ ಹಾದುಹೋಗುತ್ತದೆ. ಉತ್ತರ ಕರ್ನಾಟಕದಿಂದ ಶ್ರವಣಬೆಳಗೊಳದ ಕಡೆಗೆ ಹೊರಟ ಸಂಘಗಳು ಈ ಭಾಗದಲ್ಲಿ ವಿಹಾರ ಮಾಡುವುದುಂಟು. ವಿಹಾರದ ಸುದ್ದಿ ಮೊದಲೇ ಪ್ರಸಾರವಾದರೆ ವಾಹನ ಚಾಲಕರು ಎಚ್ಚರ ವಹಿಸುತ್ತಾರೆ, ಪೊಲೀಸ್ ಬಂದೋಬಸ್ತೂ ಸುಲಭವಾಗುತ್ತದೆ. ಸ್ಥಳೀಯ ವರದಿಗಾರನಿಗೆ ಒಂದು ದಿನ ಮುಂಚಿತವಾಗಿ ಮಾರ್ಗ ತಿಳಿಸುವುದು ಜೀವರಕ್ಷಣೆಯ ಕೆಲಸವೇ ಆಗಿದೆ.

ತಪ್ಪು ಪ್ರಸಾರವಾದಾಗ

ಭಾರತೀಯ ಪತ್ರಿಕಾ ಮಂಡಳಿಯ ವ್ಯಾಪ್ತಿ ಮುದ್ರಣ ಮಾಧ್ಯಮಕ್ಕೆ ಸೀಮಿತ. ಟಿ.ವಿ. ವಾಹಿನಿಗಳಿಗೆ 1995ರ ಕೇಬಲ್ ಟಿ.ವಿ. ಜಾಲಗಳ ಕಾಯ್ದೆಯ ಕಾರ್ಯಕ್ರಮ ಸಂಹಿತೆ ಅನ್ವಯಿಸುತ್ತದೆ. 2021ರ ತಿದ್ದುಪಡಿ ನಿಯಮಗಳ ಪ್ರಕಾರ ದೂರಿಗೆ ಮೂರು ಹಂತಗಳಿವೆ. ಮೊದಲು ವಾಹಿನಿಗೇ ಲಿಖಿತ ದೂರು ನೀಡಬೇಕು. ವಾಹಿನಿ 15 ದಿನಗಳಲ್ಲಿ ಉತ್ತರಿಸಬೇಕು. ತೃಪ್ತಿಯಾಗದಿದ್ದರೆ ವಾಹಿನಿ ಸದಸ್ಯವಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಮೂರನೆಯದು ಕೇಂದ್ರ ಸರ್ಕಾರದ ಮೇಲ್ವಿಚಾರಣಾ ವ್ಯವಸ್ಥೆ. ದೂರಿನಲ್ಲಿ ಪ್ರಸಾರದ ದಿನಾಂಕ, ಸಮಯ, ಆಕ್ಷೇಪಾರ್ಹ ವಾಕ್ಯ ಮತ್ತು ಸರಿಯಾದ ಮಾಹಿತಿ ಇರಬೇಕು. ಸಾಧ್ಯವಾದರೆ ದೃಶ್ಯದ ಪ್ರತಿಯನ್ನೂ ಲಗತ್ತಿಸಬೇಕು.

ಬಹಳಷ್ಟು ತಪ್ಪುಗಳು ದೂರಿನ ಹಂತಕ್ಕೆ ಹೋಗಬೇಕಾದವಲ್ಲ. ಸ್ಥಳೀಯ ವರದಿಗಾರನಿಗೆ ತಕ್ಷಣ ಕರೆ ಮಾಡಿ ಸೌಮ್ಯವಾಗಿ ತಿಳಿಸಿದರೆ ಮುಂದಿನ ಬುಲೆಟಿನ್‌ನಲ್ಲೇ ಸರಿಹೋಗುವುದುಂಟು. ಫೋನ್‌ನಲ್ಲಿ ಬೈಯುವುದು, ಗುಂಪಾಗಿ ಹೋಗಿ ಪ್ರಶ್ನಿಸುವುದರಿಂದ ಪರದೆಯ ಮೇಲಿನ ತಪ್ಪು ಅಳಿಸುವುದಿಲ್ಲ. ಮುಂದಿನ ಬಾರಿ ನಿಜವಾದ ಸುದ್ದಿ ಕೊಡಲು ಹೋದಾಗ ಬಾಗಿಲು ಮುಚ್ಚಿರುತ್ತದೆ.

ಶಿಕ್ಷಣ ಮತ್ತು ಪ್ರವೇಶ

ಈ ವೃತ್ತಿಗೆ ಪದವಿಯಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಓದಿ, ನಂತರ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಪಡೆಯುವುದು ಸಾಮಾನ್ಯ ಮಾರ್ಗ. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಮತ್ತು ದಾವಣಗೆರೆ ವಿಶ್ವವಿದ್ಯಾಲಯ ಹತ್ತಿರ. ಮೈಸೂರು, ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿಯೂ ಈ ವಿಭಾಗವಿದೆ. 2014ರ ಜನವರಿಯಿಂದ ಜೈನರು ರಾಷ್ಟ್ರೀಯ ಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವಾಗಿ ಅಧಿಸೂಚಿತರಾಗಿರುವುದರಿಂದ ವಿದ್ಯಾರ್ಥಿವೇತನಗಳ ಬಗ್ಗೆ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಪದವಿಗಿಂತ ಹೆಚ್ಚಾಗಿ ಬೇಕಾದದ್ದು ಸ್ಪಷ್ಟ ಕನ್ನಡ, ತಾಳ್ಮೆ, ಜನರ ಒಡನಾಟ, ಮತ್ತು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ. ಕ್ಯಾಮೆರಾ, ಸಂಕಲನ, ಧ್ವನಿಮುದ್ರಣವನ್ನು ಮೊಬೈಲ್‌ನಲ್ಲೇ ಕಲಿಯಬಹುದು. ಯುವತಿಯರೂ ಈ ಕ್ಷೇತ್ರದಲ್ಲಿದ್ದಾರೆ. ರಾತ್ರಿ ಕೆಲಸ, ದೂರದ ಪ್ರಯಾಣದ ಕಾರಣಕ್ಕೆ ಜಿಲ್ಲಾ ಮಟ್ಟದಲ್ಲಿ ಅವರ ದಾರಿ ಇನ್ನೂ ಕಷ್ಟದ್ದು.

ವ್ಯಾಪಾರವನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಮಕ್ಕಳನ್ನು ಪತ್ರಿಕೋದ್ಯಮಕ್ಕೆ ಕಳುಹಿಸಲು ಹಿಂಜರಿಕೆ ಇರುವುದು ಸಹಜ. ಆದಾಯ ಅನಿಶ್ಚಿತ ಎಂಬುದೂ ನಿಜ. ಆದರೆ ಸತ್ಯಾಣುವ್ರತವನ್ನು ದಿನನಿತ್ಯ ಪರೀಕ್ಷೆಗೆ ಒಡ್ಡುವ ಉದ್ಯೋಗಗಳಲ್ಲಿ ಇದೂ ಒಂದು. ಒಂದು ವಸ್ತುವಿಗೆ ಹಲವು ಮುಖಗಳಿವೆ ಎಂದು ಕಲಿಸುವ ಅನೇಕಾಂತ ದೃಷ್ಟಿ ವರದಿಗಾರನಿಗೆ ಬೇಕಾದ ಮೊದಲ ಪಾಠವೂ ಹೌದು. ಆರೋಪ ಮಾಡಿದವರ ಮಾತನ್ನೂ, ಆರೋಪ ಹೊತ್ತವರ ಮಾತನ್ನೂ ಕೇಳಿ, ಕಂಡದ್ದನ್ನಷ್ಟೇ ಹೇಳುವವನು ಯಾವ ಸಮಾಜದವನಾದರೂ ಆಗಲಿ, ಅವನಿಂದ ಎಲ್ಲ ಸಮಾಜಗಳಿಗೂ ಉಪಕಾರ. ಅಂತಹ ಕೆಲವರಾದರೂ ಜೈನ ಮನೆಗಳಿಂದ ಬಂದರೆ ಬಸದಿಯ ಸುದ್ದಿಯೂ, ಊರಿನ ಕೆರೆಯ ಸುದ್ದಿಯೂ ಸರಿಯಾಗಿ ದಾಖಲಾಗುತ್ತವೆ.